ಚಿಪ್ ಮುಚ್ಚೋಕೆ ಹೋಗಿ ಗ್ಲಾಸೇ ಸೀಳಿತು, ಎಲ್ಲಿ ತಪ್ಪಿದೆ?

ಹಾಸನದ ಅಳಿಯ · ಭಾನುವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಬೈಯೋರು ಮೊದಲು ಬೈದು ಮುಗಿಸಿ, ಆಮೇಲೆ ದಾರಿ ಹೇಳಿ.

ಹೋದ ಗುರುವಾರ ಹಾಸನದಿಂದ ಬೆಂಗಳೂರಿಗೆ ಬರ್ತಾ, ಕುಣಿಗಲ್ ದಾಟಿದ ಮೇಲೆ ಒಂದು ಜಲ್ಲಿ ಟಿಪ್ಪರ್ ಹಿಂದೆ ಸಿಕ್ಕಿಕೊಂಡೆ. ಮೇಲೆ ಟಾರ್ಪಾಲು ಇಲ್ಲ. ಠಣ್ ಅಂತ ಒಂದು ಕಲ್ಲು ಬಂದು ಕಾರಿನ ಮುಂದಿನ ಗ್ಲಾಸಿಗೆ ಬಿತ್ತು. ಪಕ್ಕದ ಸೀಟಿನ ಎದುರಿಗೆ, ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುವಷ್ಟು ಗುರುತು. ನಡುವೆ ಚುಕ್ಕಿ, ಸುತ್ತ ಕಾಲಿನ ಹಾಗೆ ನಾಲ್ಕು ಸಣ್ಣ ಬಿರುಕು. ಇದಕ್ಕೇ ಚಿಪ್ ಅನ್ನೋದು.

ಆನ್‌ಲೈನಲ್ಲಿ 350 ರೂಪಾಯಿಗೆ ಒಂದು ಚಿಪ್ ರಿಪೇರಿ ಕಿಟ್ ತರಿಸಿದೆ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮನೆ ಮುಂದೆ ಬಿಸಿಲಲ್ಲೇ ಕಾರು ನಿಲ್ಲಿಸಿ ಶುರು ಮಾಡಿದೆ. ಬಿಸಿಲಿಗೆ ರೆಸಿನ್ (ಚಿಪ್ ಒಳಗೆ ತುಂಬೋ ಅಂಟಿನಂಥ ದ್ರವ) ಗಟ್ಟಿಯಾಗುತ್ತೆ ಅಂತ ಡಬ್ಬಿ ಮೇಲೇ ಬರೆದಿತ್ತು. ಮೊದಲು ಪೈಪಿನ ನೀರಲ್ಲಿ ಗ್ಲಾಸು ತೊಳೆದೆ, ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಚಿಪ್ ಒಣಗಿಸಿದೆ, ಸಕ್ಷನ್ ಕಪ್ಪಲ್ಲಿ ಗ್ಲಾಸಿಗೆ ಕಚ್ಚಿಕೊಳ್ಳೋ ಬ್ರಿಡ್ಜ್ ಅನ್ನೋ ಚೌಕಟ್ಟು ಕೂರಿಸಿ, ಅದರ ಇಂಜೆಕ್ಟರ್ ಕೊಳವೆಗೆ ರೆಸಿನ್ ಹಾಕಿ ಸ್ಕ್ರೂ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಟಕ್! ಒಂದು ಕಾಲು ಸೀದಾ ಓಡಿ ಒಂದು ಗೇಣು ಉದ್ದ ಆಯ್ತು. ಹೃದಯ ಬಾಯಿಗೆ ಬಂತು.

ಮಾವನ ಹಳೇ ಕಾರಲ್ಲೂ ಇಂಥದ್ದೇ ಒಂದು ಚಿಪ್ ಇದೆ. ಅದನ್ನಾದರೂ ಉಳಿಸಿಕೊಳ್ಳಬೇಕು. ನಾನು ಮಾಡಿದ್ದರಲ್ಲಿ ಯಾವುದು ತಪ್ಪು?

ಎರಡನೇ ಗೇರ್ · ಸಂಜೆ 6:52

ಯಾವುದು ಸರಿ ಅಂತ ಕೇಳಿ ಸಾರ್, ಬೇಗ ಮುಗಿಯುತ್ತೆ.

ಬಿಸಿಲೂರು · ಸಂಜೆ 7:05

ತಣ್ಣೀರು ಹಾಕಿದ್ದೇ ತಪ್ಪು ನೋಡ್ರಿ. ನಮ್ಮ ಕಲಬುರಗಿಯಾಗ ಬ್ಯಾಸಗಿ ಬಂತಂದ್ರ 42 ಡಿಗ್ರಿ ಮಾಮೂಲಿ. ಬಿಸಿಲಾಗ ನಿಂತ ಗಾಡಿ ಗ್ಲಾಸ್ ಮ್ಯಾಲೆ ಕೈ ಇಟ್ರ ಚುರ್ ಅಂತದ. ನಮ್ಮ ಕಾಕಾ ಮದುವಿಗೆ ಹೋಗಿ ಬಂದು, ಧೂಳಾಗ್ಯದ ಅಂತ ಒಂದು ಕೊಡ ನೀರು ಸುರದ್ರು. ಮೊದಲೇ ಒಂದು ಸಣ್ಣ ಚಿಪ್ ಇತ್ತು. ನಮ್ಮ ಕಣ್ಮುಂದೇ ಗೆರಿ ಎಳದಂಗ ಬಿರುಕು ಓಡ್ತು. ರಿಪೇರಿ ಇಲ್ಲ, ಏನಿಲ್ಲ, ಬರೇ ನೀರು.

ಗಾಜಿನಣ್ಣ · ರಾತ್ರಿ 8:10

ನಾನು ತುಮಕೂರಲ್ಲಿ ಇದೇ ಕೆಲಸ ಮಾಡೋನು, ಹದಿನಾಲ್ಕು ವರ್ಷ ಆಯ್ತು. ಅಳಿಯಂದ್ರೆ, ಒಂದು ವಿಷಯ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಟಕ್ ಅಂದಾಗ ನಿಮ್ಮ ಕೈಯಲ್ಲಿ ಏನಿತ್ತು? ಡ್ರೈಯರ್ ಇತ್ತಾ, ಸ್ಕ್ರೂ ತಿರುಗಿಸ್ತಿದ್ರಾ, ಅಥವಾ ಸುಮ್ಮನೆ ನಿಂತಿದ್ರಾ? ನಮ್ಮ ಹತ್ರ ಬರೋರೆಲ್ಲ "ತಾನೇ ಒಡೀತು" ಅಂತಾರೆ. ಗ್ಲಾಸು ತಾನೇ ಒಡೆಯಲ್ಲ. ಏನೋ ಒಂದು ಎಳೆದಿರುತ್ತೆ ಇಲ್ಲ ತಳ್ಳಿರುತ್ತೆ.

ಹಾಸನದ ಅಳಿಯ · ರಾತ್ರಿ 8:31

ಅಣ್ಣ, ನಿಜ ಹೇಳಬೇಕಂದ್ರೆ ಕೈಯಲ್ಲಿ ಏನೂ ಇರಲಿಲ್ಲ. ಸ್ಕ್ರೂ ಬಿಗಿ ಮಾಡಿ ಎರಡು ಮೂರು ನಿಮಿಷ ಆಗಿತ್ತು. ಮೊಬೈಲಲ್ಲಿ ಮುಂದಿನ ಹೆಜ್ಜೆಯ ವಿಡಿಯೋ ನೋಡ್ತಾ ನಿಂತಿದ್ದೆ.

ಮೆಟೀರಿಯಲ್ ಮೇಷ್ಟ್ರು · ರಾತ್ರಿ 9:02

ಪಾಠ ಮಾಡುವ ಚಟ, ಕ್ಷಮಿಸಿ. ಸ್ವಲ್ಪ ಉದ್ದ ಆಗುತ್ತದೆ.

ಮುಂದಿನ ಗಾಜು ಒಂದಲ್ಲ, ಎರಡು. ತಲಾ ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಹಾಳೆ, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಕಲ್ಲು ಬಿದ್ದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಒಡೆಯುತ್ತದೆ. ರಿಪೇರಿ ಸಾಧ್ಯವಾಗುವುದೇ ಅದರಿಂದ. ಬಾಗಿಲಿನ ಗಾಜು ಹಾಗಲ್ಲ, ಅದು ಟೆಂಪರ್ ಮಾಡಿದ್ದು, ಪೆಟ್ಟು ಬಿದ್ದರೆ ಕಲ್ಲುಸಕ್ಕರೆ ಚೂರಿನ ಹಾಗೆ ಉದುರುತ್ತದೆ. ಅಲ್ಲಿ ರಿಪೇರಿಯ ಮಾತೇ ಇಲ್ಲ.

ಗಾಜನ್ನು ಎಷ್ಟು ಬೇಕಾದರೂ ಒತ್ತಿ, ತಡೆದುಕೊಳ್ಳುತ್ತದೆ. ಎಳೆದರೆ ಮಾತ್ರ ತಡೆಯಲಾರದು. ಅದರಲ್ಲೂ ಒಂದು ಬಿರುಕು ಮೊದಲೇ ಇದ್ದರೆ, ಎಳೆತವೆಲ್ಲ ಬಂದು ಆ ಬಿರುಕಿನ ತುದಿಯಲ್ಲಿ ಗುಂಪುಗೂಡುತ್ತದೆ. ಗ್ರಿಫಿತ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಇದನ್ನು ಗಾಜಿನ ಮೇಲೆಯೇ ಪ್ರಯೋಗ ಮಾಡಿ 1921ರಲ್ಲಿ ಬರೆದ.

ಈಗ ನಿಮ್ಮ ಪೈಪಿನ ನೀರು. ಬಿಸಿಲಿಗೆ ಕಾದ ಗಾಜಿನ ಮೇಲ್ಮೈ ತಟಕ್ಕನೆ 30 ಡಿಗ್ರಿ ತಣ್ಣಗಾಯಿತು ಅಂದುಕೊಳ್ಳಿ. ಮೇಲ್ಮೈ ಕುಗ್ಗಲು ನೋಡುತ್ತದೆ, ಕೆಳಗಿನ ಬಿಸಿ ಭಾಗ ಬಿಡುವುದಿಲ್ಲ. ಗಾಜಿನ ಬಿಗಿತ 70,000 ಮೆಗಾಪಾಸ್ಕಲ್ (ಒತ್ತಡ, ಎಳೆತ ಅಳೆಯುವ ಮಾನ), ಒಂದು ಡಿಗ್ರಿಗೆ ಹಿಗ್ಗುವಿಕೆ ಹತ್ತು ಲಕ್ಷದಲ್ಲಿ 9 ಪಾಲು. ಮೂರನ್ನೂ ಗುಣಿಸಿದರೆ ಸುಮಾರು 19 ಮೆಗಾಪಾಸ್ಕಲ್ ಎಳೆತ. ಗಾಯವಿಲ್ಲದ ಗಾಜು ಇದನ್ನು ತಡೆಯುತ್ತದೆ. ನಾಲ್ಕು ಕಾಲಿನ ನಕ್ಷತ್ರ ಇರುವ ಗಾಜಿಗೆ ಇದು ಹೆಚ್ಚಾಯಿತು.

ಹೇರ್ ಡ್ರೈಯರ್ ಇದರ ತಿರುವು ಮುರುವು. ಒಂದೇ ಜಾಗಕ್ಕೆ ಹಿಡಿದರೆ ನಡುಭಾಗ ಹಿಗ್ಗಿ ಸುತ್ತಲಿನ ತಣ್ಣನೆಯ ಗಾಜನ್ನು ತಳ್ಳುತ್ತದೆ, ಆ ಸುತ್ತಲಿನ ಭಾಗ ಎಳೆತಕ್ಕೆ ಸಿಗುತ್ತದೆ. ನಿಮ್ಮ ಬಿರುಕಿನ ಕಾಲುಗಳ ತುದಿ ಇರುವುದು ಅಲ್ಲಿಯೇ.

ಎರಡನೇ ಗೇರ್ · ರಾತ್ರಿ 9:10

ಮೇಷ್ಟ್ರೇ, ಪರೀಕ್ಷೆಗೆ ಇದು ಬರುತ್ತಾ?

ಕಡಲತಡಿ · ರಾತ್ರಿ 9:24

ನಮ್ಮಲ್ಲಿ ಮಂಗಳೂರಿನಲ್ಲಿ ಬಿಸಿಲಿಗಿಂತ ನೀರಿನದ್ದೇ ರಗಳೆ ಮಾರಾಯ್ರೆ. ಮಳೆಗಾಲದಲ್ಲಿ ಶಿರಾಡಿ ಇಳಿಯುವಾಗ ಚಿಪ್ ಆದರೆ ಅದರೊಳಗೆ ನೀರು ಸೇರಿಯೇ ಸೇರುತ್ತದೆ. ನನ್ನದಕ್ಕೆ ಒಬ್ಬ ಲೈಟರ್ ತೆಗೆದು ಒಳಗಿನಿಂದ ಸುಡ್ಲಿಕ್ಕೆ ಹೊರಟ. "ನೀರು ಆವಿಯಾಗಿ ಹೋಗ್ತದೆ" ಅಂತ. ನಾನು ಬೇಡ ಬೇಡ ಹೇಳಿ ಗಾಡಿ ತೆಗೆದುಕೊಂಡು ಬಂದೆ. ಅವ ಹೇಳಿದ್ದು ಸರಿ ಉಂಟಾ?

ಗಾಜಿನಣ್ಣ · ರಾತ್ರಿ 10:15

ಕಡಲತಡಿಯವರೇ, ನೀವು ಬಂದಿದ್ದೇ ಒಳ್ಳೇದಾಯ್ತು. ಲೈಟರ್ ಹಿಡಿಯೋರು ಇದ್ದಾರೆ, ನಾನೂ ಕಲಿಯುವಾಗ ನನ್ನ ಉಸ್ತಾದ್ ಹಾಗೇ ಮಾಡ್ತಿದ್ರು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗಲ್ಲ. ಹತ್ತನೇದು ಸೀಳುತ್ತೆ. ಬೆಂಕಿ ಒಂದು ಬೆರಳಿನಷ್ಟು ಜಾಗವನ್ನ ಮಾತ್ರ ಕಾಯಿಸುತ್ತೆ, ಮೇಷ್ಟ್ರು ಹೇಳಿದ ಹಾಗೆ. ಒಳಗೆ ನೀರಿದ್ರೆ ಅದು ಕುದ್ದು ಉಬ್ಬುತ್ತೆ. ನಡುವಿನ ಪ್ಲಾಸ್ಟಿಕ್ಕೂ ಗುಳ್ಳೆ ಏಳಬಹುದು.

ನಾನು ಮಾಡೋದು ಇಷ್ಟೇ. ಗಾಡಿ ನೆರಳಲ್ಲಿ ನಿಲ್ಲಿಸಿ, ಒಳಗಿಂದ ಡ್ರೈಯರ್ ಕಡಿಮೆ ಬಿಸಿಗಿಟ್ಟು, ಒಂದು ಊಟದ ತಟ್ಟೆಯಷ್ಟು ಜಾಗವನ್ನ ಆಡಿಸ್ತಾ ಆಡಿಸ್ತಾ ಕಾಯಿಸೋದು. ಕೈ ಇಟ್ರೆ ಬೆಚ್ಚಗಿರಬೇಕು, ಕೈ ತೆಗೀಬೇಕು ಅನ್ನಿಸಬಾರದು. ಆಮೇಲೆ ಇಂಜೆಕ್ಟರ್ ಕೂರಿಸಿ ಗಾಳಿ ಎಳೀತೀನಿ. ತೇವ ಅದರಲ್ಲೇ ಮುಕ್ಕಾಲು ಪಾಲು ಬರುತ್ತೆ. ಮಳೆಗಾಲದಲ್ಲಿ ಇದಕ್ಕೇ ಅರ್ಧ ಗಂಟೆ ಹೋಗುತ್ತೆ. ಗಿರಾಕಿ ಗಡಿಯಾರ ನೋಡ್ತಿರ್ತಾರೆ, ನಾನು ನೋಡಲ್ಲ.

ಕಲ್ಲು ಬಿದ್ದ ತಕ್ಷಣ ಅದರ ಮೇಲೆ ಒಂದು ಚೂರು ಟ್ರಾನ್ಸ್‌ಪರೆಂಟ್ ಟೇಪ್ ಅಂಟಿಸಿಬಿಡಿ. ನೀರೂ ಹೋಗಲ್ಲ, ವಾಷಿಂಗ್ ಶಾಂಪೂ ಕೂಡ ಹೋಗಲ್ಲ. ಶಾಂಪೂ ಹೋದ ಚಿಪ್ಪಿಗೆ ರೆಸಿನ್ ಹಿಡಿಯಲ್ಲ. ಐದು ರೂಪಾಯಿ ಗಮ್ಮು, ಉಗುರು ಬಣ್ಣ ಹಾಕ್ಕೊಂಡು ಬರೋರಿಗೆ ನಾನು ಕೈ ಮುಗೀತೀನಿ. ಅದನ್ನ ಕೆರೆದು ತೆಗೆಯೋಕೆ ಹೋದಾಗಲೇ ಎಷ್ಟೋ ಗ್ಲಾಸು ಹೋಗಿವೆ.

ಇನ್ನು ಅಳಿಯಂದ್ರ ವಿಷಯ. ಸ್ಕ್ರೂ ಎಷ್ಟು ಬಿಗಿ ಮಾಡಿದ್ರಿ? ಇಂಜೆಕ್ಟರಿನ ರಬ್ಬರು ಗ್ಲಾಸಿಗೆ ಕೂತು ರೆಸಿನ್ ಪಕ್ಕಕ್ಕೆ ಸೋರದ ಹಾಗೆ ಆದ್ರೆ ಸಾಕು. ಅದಕ್ಕಿಂತ ಬಿಗಿ ಮಾಡಿದ್ರೆ ಏನಾಗುತ್ತೆ ಗೊತ್ತಾ, ಇಂಜೆಕ್ಟರ್ ನಡುವೆ ಒತ್ತುತ್ತೆ, ಸಕ್ಷನ್ ಕಪ್ಪು ಸುತ್ತ ಮೇಲಕ್ಕೆ ಎಳೆಯುತ್ತೆ, ಗ್ಲಾಸು ಬಿಲ್ಲಿನ ಹಾಗೆ ಬಗ್ಗಿ ನಿಲ್ಲುತ್ತೆ. ಕಾಲುಗಳು ಕಚ್ಚಿಕೊಂಡು ರೆಸಿನ್ ಕೂಡ ಒಳಗೆ ಹೋಗಲ್ಲ. ರೆಸಿನ್ ಹೋಗಲಿಲ್ಲ ಅಂತ ಜನ ಇನ್ನೊಂದು ಸುತ್ತು ತಿರುಗಿಸ್ತಾರೆ.

ಹಾಸನದ ಅಳಿಯ · ರಾತ್ರಿ 10:22

ಅಣ್ಣ, ಅದನ್ನೇ ಮಾಡಿದ್ದು. ಇನ್ನೊಂದು ಸುತ್ತು ತಿರುಗಿಸಿದೆ.

ಎರಡನೇ ಗೇರ್ · ರಾತ್ರಿ 10:25

ಎಲ್ಲರ ಹಾಗಲ್ಲ, ನನಗೆ ಈ ಕೆಲಸದವರ ಮೇಲೇ ನಂಬಿಕೆ ಇಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ ಒಂದು ಅಂಗಡಿಗೆ ಹೋದೆ. ಚಿಪ್ ಕಾಳುಮೆಣಸಿನಷ್ಟಿತ್ತು. ಹುಡುಗ ಡ್ರಿಲ್ ತೆಗೆದು ಕೊರೆಯೋಕೆ ಶುರು ಮಾಡಿದ, ಸೀಳು ಬಿಟ್ಟಿತು. ಕೇಳಿದ್ರೆ "ಸಾರ್, ಅದು ಹೆಂಗಿದ್ರೂ ಓಡ್ತಿತ್ತು" ಅಂದ. ಹೊಸ ಗ್ಲಾಸಿಗೆ ನಾನೇ ದುಡ್ಡು ಕೊಟ್ಟೆ. ಅಣ್ಣ, ನಿಮ್ಮ ಕೈಯಲ್ಲಿ ಒಡೆದ್ರೆ ಯಾರು ಕೊಡ್ತಾರೆ?

ಗಾಜಿನಣ್ಣ · ರಾತ್ರಿ 10:58

ನ್ಯಾಯವಾದ ಪ್ರಶ್ನೆ. ಕೆಲಸ ಮುಟ್ಟುವ ಮುಂಚೆ ನಾನು ಗಿರಾಕಿನ ಕರೆದು ಚಿಪ್ ತೋರಿಸಿ, "ಇದು ಓಡಬಹುದು, ಓಡಿದ್ರೆ ರಿಪೇರಿ ಚಾರ್ಜು ತಗೊಳಲ್ಲ, ಆದ್ರೆ ಹೊಸ ಗ್ಲಾಸು ನಾನು ಕೊಡೋಕಾಗಲ್ಲ" ಅಂತ ಹೇಳ್ತೀನಿ. ಒಪ್ಪಿದ್ರೆ ಮಾತ್ರ ಕೈ ಹಾಕ್ತೀನಿ. ಮೊಬೈಲಲ್ಲಿ ಫೋಟೋನೂ ತೆಗೀತೀನಿ, ಮೊದಲೇ ಎಷ್ಟು ಉದ್ದ ಇತ್ತು ಅಂತ. ಮೊದಲು ಹೇಳಿದ್ರೆ ಅದು ಎಚ್ಚರಿಕೆ, ಒಡೆದ ಮೇಲೆ ಹೇಳಿದ್ರೆ ನೆಪ. ನಿಮ್ಮ ಹುಡುಗ ಹೇಳಿದ್ದು ನೆಪ.

ಡ್ರಿಲ್ ಬಗ್ಗೆ. ಚುಕ್ಕಿ ಬಾಯಿ ಮುಚ್ಚಿಕೊಂಡು ರೆಸಿನ್ ಹೋಗೋಕೆ ದಾರಿ ಇಲ್ಲ ಅಂದಾಗ ಮಾತ್ರ ಡ್ರಿಲ್. ಅದೂ ಸೂಜಿ ತುದಿಯಷ್ಟು ಸಣ್ಣ ಕೊರೆಯೋ ಮೊನೆ ಹಾಕಿ, ಮುಟ್ಟಿ ತೆಗೆದು, ಮುಟ್ಟಿ ತೆಗೆದು. ಒತ್ತಿ ಹಿಡಿದ್ರೆ ಬಿಸಿಯಾಗುತ್ತೆ. ಹೊರಗಿನ ಹಾಳೆ ದಾಟಿ ಪ್ಲಾಸ್ಟಿಕ್ ಮುಟ್ಟಿದ್ರೆ ಆ ಜಾಗ ಬೆಳ್ಳಗೆ ಉಳಿದುಬಿಡುತ್ತೆ. ಕಾಳುಮೆಣಸಿನಷ್ಟು ಚಿಪ್ಪಿಗೆ ಡ್ರಿಲ್ ಯಾಕೆ ಬೇಕಿತ್ತೋ ನನಗೂ ತಿಳೀತಿಲ್ಲ. ಸೂಜಿಯಲ್ಲಿ ಮೆಲ್ಲಗೆ ಗಾಜಿನ ಪುಡಿ ಎಬ್ಬಿಸಿದ್ರೆ ಸಾಕಿತ್ತು.

ಪಾಲಿಸಿ ಮೇಡಂ · ಸೋಮವಾರ ಬೆಳಿಗ್ಗೆ 9:30

ಇನ್ಶೂರೆನ್ಸ್ ಕಡೆಯಿಂದ ಒಂದು ಮಾತು. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಗಾಜಿನ ಭಾಗಕ್ಕೆ ಸವಕಳಿ (ಹಳೆಯದಾದ ಲೆಕ್ಕದ ಕಡಿತ) ಕಳೆಯುವುದಿಲ್ಲ. ಪ್ಲಾಸ್ಟಿಕ್, ರಬ್ಬರಿಗಾದರೆ 50 ಪರ್ಸೆಂಟ್ ಕಳೆಯುತ್ತಾರೆ. ಆದರೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ನಿಮ್ಮ ಜೇಬಿನಿಂದ ಹೋಗುತ್ತದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮಿಲ್ಲದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಕೂಡ ಹೋಗುತ್ತದೆ, ರಕ್ಷಣೆಗೆ ಬೇರೆ ಆ್ಯಡ್-ಆನ್ ತೆಗೆದುಕೊಂಡಿದ್ದರೆ ಮಾತ್ರ ಉಳಿಯುತ್ತದೆ. ಐದು ವರ್ಷ ಕ್ಲೇಮಿಲ್ಲದೆ 50 ಪರ್ಸೆಂಟ್ ಗಳಿಸಿದವರು ಒಂದು ಚಿಪ್ಪಿಗೋಸ್ಕರ ಅದನ್ನು ಬಿಟ್ಟುಕೊಡುವುದು ಲೆಕ್ಕಕ್ಕೆ ಬಾರದ ಮಾತು. ಪೂರಾ ಗ್ಲಾಸು ಬದಲಾಯಿಸುವುದಾದರೆ ಕೂತು ಲೆಕ್ಕ ಹಾಕಿ. ಅಳಿಯಂದಿರೇ, ನೀವು ಕಿಟ್ ಉಪಯೋಗಿಸಿದ್ದನ್ನು ಹಾನಿ ನೋಡಲು ಬರುವ ಸರ್ವೇಯರ್ ಹತ್ತಿರ ಮುಚ್ಚಿಡಬೇಡಿ.

ಲೀಡ್ಸ್ ಕನ್ನಡತಿ · ಸೋಮವಾರ ಮಧ್ಯಾಹ್ನ 1:15

ನಿಮ್ಮದೆಲ್ಲ ಬಿಸಿಲಿನ ಕಥೆ, ನಮ್ಮದು ಮಂಜಿನದ್ದು. ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲ ಬೆಳಿಗ್ಗೆ ಗ್ಲಾಸಿನ ಮೇಲೆಲ್ಲ ಮಂಜುಗಡ್ಡೆ. ನಮ್ಮ ಯಜಮಾನರು ಕೆಟಲ್ ತಂದು ಕುದಿಯುವ ನೀರು ಹೊಯ್ದರು. ಮೂಲೆಯಲ್ಲಿದ್ದ ಚಿಪ್ ಈ ತುದಿಯಿಂದ ಆ ತುದಿಗೆ ಹೋಯಿತು. ಇಲ್ಲಿ ಎಲ್ಲರಿಗೂ ಗೊತ್ತಿರುವ ತಪ್ಪಂತೆ, ನಮಗೆ ಯಾರೂ ಹೇಳಿರಲಿಲ್ಲ.

ಎರಡನೇ ಸಲ ಚಿಪ್ ಆದಾಗ ಮನೆಗೇ ವ್ಯಾನಿನಲ್ಲಿ ಬಂದರು. ಬಂದವನು ಮೊದಲ ಇಪ್ಪತ್ತು ನಿಮಿಷ ಏನೂ ಮಾಡಲಿಲ್ಲ. ಕಾರಿನ ಹೀಟರ್ ಕಡಿಮೆ ಮಟ್ಟಕ್ಕಿಟ್ಟು ಗ್ಲಾಸು ಬೆಚ್ಚಗಾಗಲಿ ಅಂತ ಕಾದ. ಚಳಿಯಲ್ಲಿ ರೆಸಿನ್ ಜೇನುತುಪ್ಪದ ಹಾಗೆ ಮಂದವಾಗುತ್ತೆ, ತೆಳ್ಳಗಿನ ಕಾಲುಗಳ ಒಳಗೆ ಹರಿಯೋದಿಲ್ಲ, ಆಗ ಒತ್ತಡ ಹೆಚ್ಚು ಕೊಡಬೇಕಾಗುತ್ತೆ, ಹೆಚ್ಚು ಕೊಟ್ಟರೆ ಸೀಳುತ್ತೆ ಅಂದ.

ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ ಅಂತ ಗಾಡಿ ಪರೀಕ್ಷೆ. ಸ್ಟೀರಿಂಗಿನ ನೇರಕ್ಕೆ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಏಟು ಇದ್ದರೆ ಫೇಲ್. ವೈಪರ್ ಓಡಾಡುವ ಉಳಿದ ಜಾಗದಲ್ಲಿ 40ರವರೆಗೆ ಬಿಡುತ್ತಾರೆ. ಹಾಗಾಗಿ ಜನ ಚಿಪ್ ಆದ ವಾರದೊಳಗೇ ಓಡುತ್ತಾರೆ.

ಮೆಟೀರಿಯಲ್ ಮೇಷ್ಟ್ರು · ಸೋಮವಾರ ಮಧ್ಯಾಹ್ನ 2:40

"ಮೂಲೆಯಲ್ಲಿದ್ದ ಚಿಪ್" ಅಂದಿರಲ್ಲ, ಅದು ಮುಖ್ಯ. ಗಾಜನ್ನು ಬಗ್ಗಿಸಿ ತಣಿಸುವಾಗಲೇ ಅಂಚಿನಲ್ಲಿ ಒತ್ತಡವೂ, ಅದರ ಸ್ವಲ್ಪ ಒಳಗೆ ಒಂದು ಎಳೆತದ ಪಟ್ಟಿಯೂ ಉಳಿದುಬಿಡುತ್ತವೆ. ಅಂಚಿನಿಂದ ನಾಲ್ಕು ಬೆರಳಿನೊಳಗೆ ಬಿದ್ದ ಏಟಿಗೆ ಆ ಎಳೆತ ಪುಕ್ಕಟೆ ಸಿಗುತ್ತದೆ. ಗಾಜು ಗಾಡಿಯ ಚೌಕಟ್ಟಿಗೆ ಅಂಟಿಕೊಂಡಿರುವುದರಿಂದ ಗಾಡಿ ಹಳ್ಳಕ್ಕೆ ಇಳಿದು ಮೈ ತಿರುಚಿದರೂ ಅಲ್ಲಿಗೇ ಹೋಗಿ ನಾಟುತ್ತದೆ.

ತೇವವೂ ಸೇರಿತು ನೋಡಿ. ನೀರಿನ ಅಂಶ ಬಿರುಕಿನ ತುದಿಯಲ್ಲಿ ಗಾಜಿನ ಬಂಧವನ್ನೇ ನಿಧಾನವಾಗಿ ಕಡಿಯುತ್ತದೆ. ಹೀಗಾಗಿ ರಾತ್ರಿ ಸುಮ್ಮನೆ ನಿಂತ ಗಾಡಿಯಲ್ಲೂ ಬೆಳಗಾಗುವಷ್ಟರಲ್ಲಿ ಬಿರುಕು ಬೆಳೆದಿರುತ್ತದೆ. "ತಾನೇ ಒಡೀತು" ಅನ್ನುವವರನ್ನು ಪೂರ್ತಿ ಸುಳ್ಳುಗಾರರು ಅನ್ನಲಾಗದು, ಗಾಜಿನಣ್ಣ.

ಗಾಜಿನಣ್ಣ · ಸೋಮವಾರ ಸಂಜೆ 4:05

ಒಪ್ಪಿದೆ ಮೇಷ್ಟ್ರೇ. ಅಂಚಿನದ್ದಕ್ಕೆ ನಾನು ಕೈ ಹಾಕೋದೇ ಇಲ್ಲ. ಒಳಗಡೆಯಿಂದ ಉಗುರು ಎಳೆದು ನೋಡ್ತೀನಿ, ತರಿ ತರಿ ಸಿಕ್ಕಿದ್ರೆ ಒಳಗಿನ ಹಾಳೆನೂ ಹೋಗಿದೆ ಅಂತ, ಅದಕ್ಕೂ ಇಲ್ಲ. ಕನ್ನಡಿ ಹಿಂದೆ ಕ್ಯಾಮೆರಾ ಇರೋ ಹೊಸ ಗಾಡಿಗಳಲ್ಲಿ ಆ ಕ್ಯಾಮೆರಾ ಮುಂದಿನ ಜಾಗಕ್ಕೂ ಇಲ್ಲ.

ಹಾಸನದ ಅಳಿಯ · ಸೋಮವಾರ ರಾತ್ರಿ 9:48

ಒಂದು ವಿಷಯ ಗೊತ್ತಾಯ್ತು, ಬರೀಲೇಬೇಕು.

ಇವತ್ತು ಊಟಕ್ಕೆ ಕೂತಾಗ ಇಲ್ಲಿ ಬರೆದದ್ದನ್ನ ಹೆಂಡತಿಗೆ ಓದಿ ಹೇಳ್ತಿದ್ದೆ. "ಟಕ್ ಅಂದಾಗ ಕೈಯಲ್ಲಿ ಏನಿತ್ತು" ಅನ್ನೋ ಜಾಗಕ್ಕೆ ಬಂದಾಗ ಏಳು ವರ್ಷದ ಮಗ ತಟ್ಟೆಯಿಂದ ತಲೆ ಎತ್ತದೆ, "ಅಪ್ಪಾ, ನಾನು ಬಾಲ್ ತಗೊಂಡು ಬಾಗ್ಲು ಹಾಕ್ದೆ, ಆಗ ಸೌಂಡ್ ಬಂತು" ಅಂದ. ಹಿಂದಿನ ಸೀಟಲ್ಲಿ ಅವನ ಬಾಲ್ ಇತ್ತು. ನಾನು ಮೊಬೈಲ್ ನೋಡ್ತಿದ್ದೆ. ಅವನು ತೆಗೆದು ಢಬ್ ಅಂತ ಹಾಕಿದ್ದು ನನಗೆ ಗೊತ್ತೇ ಆಗಿಲ್ಲ. ಎರಡು ದಿನದಿಂದ ಪಾಪ ಮನಸ್ಸಲ್ಲೇ ಇಟ್ಕೊಂಡಿದ್ದಾನೆ.

ನಾಲ್ಕೂ ಕಿಟಕಿ ಏರಿಸಿದ್ದವು. ಇದೇನಾ ಕಾರಣ?

ಗಾಜಿನಣ್ಣ · ಸೋಮವಾರ ರಾತ್ರಿ 10:06

ಇದೇ. ನಾನು ಕೇಳ್ಬೇಕು ಅಂತಿದ್ದೆ, ಬಿಟ್ಟುಹೋಯ್ತು. ಕಿಟಕಿ ಮುಚ್ಚಿದ ಕಾರಿನ ಬಾಗಿಲು ಜೋರಾಗಿ ಹಾಕಿದ್ರೆ ಒಳಗಿನ ಗಾಳಿಗೆ ಹೋಗೋಕೆ ಜಾಗ ಇಲ್ಲ, ಗ್ಲಾಸನ್ನ ಒಳಗಿಂದ ಹೊರಕ್ಕೆ ದೂಡುತ್ತೆ. ಹೊರಗಿನ ಹಾಳೆಯಲ್ಲಿ ಇರೋ ಬಿರುಕು ಬಾಯಿ ತೆರೆಯುತ್ತೆ. ಹಾಗಾಗಿ ನನ್ನ ಅಂಗಡಿಯಲ್ಲಿ ಗಾಡಿ ಬಂದ ತಕ್ಷಣ ಮೊದಲ ಕೆಲಸ ಎರಡು ಕಿಟಕಿ ನಾಲ್ಕು ಬೆರಳು ಇಳಿಸೋದು, ಕೀ ನನ್ನ ಜೇಬಿಗೆ ಹಾಕ್ಕೊಳೋದು. ಗಿರಾಕಿ ಮಧ್ಯೆ ಬಂದು ನೀರಿನ ಬಾಟ್ಲಿ ತಗೋತೀನಿ ಅಂತ ಬಾಗಿಲು ತೆಗೀತಾರೆ, ಎಷ್ಟು ಸಲ ಆಗಿದೆ.

ಮೆಟೀರಿಯಲ್ ಮೇಷ್ಟ್ರು · ಸೋಮವಾರ ರಾತ್ರಿ 10:20

ಮಗುವಿಗೆ ಹೇಳಿ, ಅವನದು ಕೊನೆಯ ಒಂದು ಅಂಕ ಮಾತ್ರ. ಉಳಿದ 99 ಅವರಪ್ಪನದು. ಪೈಪಿನ ನೀರು, ಡ್ರೈಯರ್, ಎರಡು ಸಲ ಬಿಗಿ ಮಾಡಿದ ಸ್ಕ್ರೂ ಎಲ್ಲ ಸೇರಿ ಗಾಜು ಮೊದಲೇ ಅಂಚಿಗೆ ಬಂದು ನಿಂತಿತ್ತು.

ಬಿಸಿಲೂರು · ಸೋಮವಾರ ರಾತ್ರಿ 10:31

ಹುಡುಗಗ ಒಂದು ಐಸ್‌ಕ್ರೀಮ್ ಕೊಡಸ್ರಿ ಮೊದಲ.

ಕಡಲತಡಿ · ಸೋಮವಾರ ರಾತ್ರಿ 10:44

ಅಣ್ಣ, ಒಂದು ಸಂಶಯ. ಬಿಸಿಲಲ್ಲೇ ಮಾಡಿದರೆ ಏನಾಗ್ತದೆ? ರೆಸಿನ್ ಗಟ್ಟಿಯಾಗ್ಲಿಕ್ಕೆ ಬಿಸಿಲು ಬೇಕೇ ಬೇಕಲ್ಲ.

ಗಾಜಿನಣ್ಣ · ಮಂಗಳವಾರ ಬೆಳಿಗ್ಗೆ 7:50

ಬೇಕು, ಕೊನೆಗೆ ಬೇಕು. ರೆಸಿನ್ನಿಗೆ ಬೇಕಾಗಿರೋದು ಬಿಸಿ ಅಲ್ಲ, ಬಿಸಿಲಲ್ಲಿರೋ ಯುವಿ, ಅಂದ್ರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಬಿಸಿಲಲ್ಲೇ ಕೂತು ಹಾಕಿದ್ರೆ ಕಾಲುಗಳ ತುದಿಗೆ ಹೋಗುವ ಮುಂಚೆ ಬಾಯಲ್ಲೇ ಕಲ್ಲಾಗುತ್ತೆ. ತುದಿ ಖಾಲಿ ಉಳಿಯುತ್ತೆ, ಆ ಖಾಲಿ ತುದಿ ನಾಳೆ ಓಡುತ್ತೆ. ನೆರಳಲ್ಲಿ ತುಂಬಿಸಿ, ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಕಪ್ಪು ಗೆರೆ ಪೂರ್ತಿ ಮಾಯ ಆದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಆಮೇಲೆ ಯುವಿ. ಲೈಟು ಹೊರಗಿಂದಲೇ ಹಿಡೀಬೇಕು. ನಡುವಿನ ಪ್ಲಾಸ್ಟಿಕ್ ಪದರ ಯುವಿಯನ್ನ ತಡೆಯುತ್ತೆ, ಒಳಗಿಂದ ಹಿಡಿದ್ರೆ ಇಡೀ ದಿನ ಹಿಡಿದ್ರೂ ಗಟ್ಟಿಯಾಗಲ್ಲ.

ಇನ್ನೊಂದು, ವಿಡಿಯೋಗಳಲ್ಲಿ ಒಳಗಿಂದ ಬೆರಳಲ್ಲಿ ಚಿಪ್ಪಿನ ಹಿಂದೆ ಒತ್ತೋದು ತೋರಿಸ್ತಾರೆ, ರೆಸಿನ್ ಬೇಗ ಹರೀಲಿ ಅಂತ. ಕೈ ಪಳಗಿದೋರು ಮಾಡ್ತಾರೆ. ಮಗ ಬಾಗಿಲು ಹಾಕಿದಾಗ ಏನಾಯ್ತೋ ಅದನ್ನೇ ಬೇಕಂತ ಮಾಡೋದು ಅದು. ಮನೇಲಿ ಮಾಡೋರು ಮಾಡಬೇಡಿ. ಗಾಳಿ ಎಳೆಯೋದು, ಬಿಡೋದು, ಕಾಯೋದು, ಮತ್ತೆ ಎಳೆಯೋದು. ಬೇಸರ ಬರುವಷ್ಟು ಸಲ.

ಹಾಸನದ ಅಳಿಯ · ಮುಂದಿನ ಭಾನುವಾರ ಸಂಜೆ 5:15

ಅಪ್‌ಡೇಟ್. ನನ್ನ ಕಾರಿಗೆ ಹೊಸ ಗ್ಲಾಸು ಹಾಕಿಸಿದೆ. ಹಾಕಿದವರು ಹೇಳಿದ್ದೇನು ಗೊತ್ತಾ? "ಒಂದು ದಿನ ಕಿಟಕಿ ಸ್ವಲ್ಪ ಇಳಿಸಿಯೇ ಇರ್ಲಿ, ಬಾಗಿಲು ಮೆಲ್ಲಗೆ ಹಾಕಿ, ಅಂಟು ಇನ್ನೂ ಹಸಿ ಇರುತ್ತೆ." ಮಗ ನನ್ನ ಮುಖ ನೋಡಿದ.

ಮಾವನ ಕಾರನ್ನ ತುಮಕೂರಿಗೆ ತಗೊಂಡು ಹೋಗಿದ್ದೆ, ಗಾಜಿನಣ್ಣನ ಹತ್ರ. ಹತ್ತು ಗಂಟೆಗೆ ತಲುಪಿದ್ರೆ ಹನ್ನೊಂದರವರೆಗೆ ಕಾರು ಮುಟ್ಟಲೇ ಇಲ್ಲ. ಶೆಡ್ಡಿನ ನೆರಳಲ್ಲಿ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ಕಿಟಕಿ ಇಳಿಸಿ, ಕೀ ತಗೊಂಡು ಜೇಬಿಗೆ ಹಾಕ್ಕೊಂಡ್ರು. ಎಸಿ ಹಾಕ್ಕೊಂಡು ಬಂದಿದ್ದಕ್ಕೂ ಬೈದ್ರು, ಒಳಗೆ ತಣ್ಣಗೆ ಹೊರಗೆ ಬಿಸಿ ಅಂತ. ಎರಡು ಟೀ ಆದ ಮೇಲೆ ಗ್ಲಾಸಿನ ಮೇಲೆ ಅಂಗೈ ಇಟ್ಟು ನೋಡಿ ಶುರು ಮಾಡಿದ್ರು. ಇಂಜೆಕ್ಟರ್ ಸ್ಕ್ರೂ ಕೂತ ಮೇಲೆ ಅವರು ತಿರುಗಿಸಿದ್ದು ಕಾಲು ಸುತ್ತು. ನಾನು ಎಣಿಸಿದೆ. ಕೊನೆಗೆ ಬ್ಲೇಡನ್ನ ನೆಟ್ಟಗೆ ಹಿಡಿದು ಮೇಲಿನ ರೆಸಿನ್ ಕೆರೆದ್ರು, ಪಾಲಿಶ್ ಕೂಡ ಮಿಷನ್ ಇಲ್ಲದೆ ಬರೀ ಬಟ್ಟೆಯಲ್ಲಿ. ಒಟ್ಟು ಒಂದೂವರೆ ಗಂಟೆ.

ಮಾವ ಕನ್ನಡಕ ಹಾಕ್ಕೊಂಡು ಹತ್ತಿರ ಹೋಗಿ ನೋಡಿ, "ಇನ್ನೂ ಕಾಣ್ತದಲ್ಲಪ್ಪ" ಅಂದ್ರು.

ಗಾಜಿನಣ್ಣ · ಭಾನುವಾರ ಸಂಜೆ 5:40

ಕಾಣುತ್ತೆ ಅಂತ ಮೊದಲೇ ಹೇಳಿದ್ದೆ ಯಜಮಾನ್ರಿಗೆ, ಸೊಳ್ಳೆ ರೆಕ್ಕೆಯಷ್ಟು ಉಳಿಯುತ್ತೆ ಅಂತ. ಅಳಿಯಂದ್ರೆ, ನಿಮ್ಮ ಹುಡುಗನ ಬಾಲ್ ನನ್ನ ಶೆಡ್ಡಲ್ಲೇ ಬಿಟ್ಟು ಹೋಗಿದ್ದೀರಿ.